ಮೂವತ್ತು ಅಡಿ ರಸ್ತೆಯ ಲೆಕ್ಕ

ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಕೇಳುವುದೇ ಮೆಟ್ರೊ ಎಷ್ಟು ದೂರ ಅಂತ. ಬ್ರೋಕರ್ ಬಳಿ ಉತ್ತರ ಸಿದ್ಧ: ‘ಹತ್ತೇ ನಿಮಿಷ ಸಾರ್, ನಡ್ಕೊಂಡೇ ಹೋಗ್ಬೋದು.’ ನಿಮಿಷಕ್ಕೆ 80 ಮೀಟರ್ ನಡೆದರೂ ಹತ್ತು ನಿಮಿಷಕ್ಕೆ 800 ಮೀಟರ್. ದೂರದ ಲೆಕ್ಕ ಸರಿಯೇ ಇದೆ. ಆದರೆ ಆ 800 ಮೀಟರಿನಲ್ಲಿ ಕಾಲಿಡಲು ಜಾಗ ಎಷ್ಟಿದೆ ಎಂಬುದು ಬಾಡಿಗೆ ಮಾತುಕತೆಯಲ್ಲಿ ಬರುವುದಿಲ್ಲ, ರಸ್ತೆ ಕಾಮಗಾರಿಯ ಎಸ್ಟಿಮೇಟಿನಲ್ಲೂ ಅಪರೂಪ.

ತುಮಕೂರು ರಸ್ತೆಯ ಉದ್ದಕ್ಕೆ ದುಡ್ಡು ಸುರಿದದ್ದಕ್ಕೆ ಕೊರತೆಯಿಲ್ಲ. 2015ರ ಮೇ 1ರಂದು ಪೀಣ್ಯ ಇಂಡಸ್ಟ್ರಿಯಿಂದ ನಾಗಸಂದ್ರದವರೆಗೆ ಮೆಟ್ರೊ ಬಂತು, ದಾಸರಹಳ್ಳಿಗೂ ಜಾಲಹಳ್ಳಿಗೂ ನಿಲ್ದಾಣ ಸಿಕ್ಕಿತು. 2024ರ ನವೆಂಬರಿನಲ್ಲಿ ಅದು ಮಾದಾವರಕ್ಕೆ ಮುಂದುವರಿಯಿತು. ಆ 3.14 ಕಿ.ಮೀ.ಗೆ ಸಿವಿಲ್ ಗುತ್ತಿಗೆಯೇ ಸುಮಾರು 298 ಕೋಟಿ ರೂಪಾಯಿ. ಭಾಗಿಸಿದರೆ ಮೀಟರಿಗೆ ಒಂಬತ್ತೂವರೆ ಲಕ್ಷ. ಅದೇ ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ಕೇಬಲ್ ದೋಷ ಕಂಡಿತೆಂದು 2021ರ ಡಿಸೆಂಬರಿನಲ್ಲಿ ಮುಚ್ಚಿದರು. ಎರಡು ತಿಂಗಳಲ್ಲಿ ಕಾರು, ಬೈಕು ಹತ್ತಿದವು. ಲಾರಿಗಳು ಮತ್ತೆ ಮೇಲೆ ಹತ್ತಲು 2024ರ ಜುಲೈ ತನಕ ಕಾಯಬೇಕಾಯಿತು. ಎರಡೂವರೆ ವರ್ಷ ಅಷ್ಟೂ ಭಾರ ಕೆಳಗಿನ ರಸ್ತೆಯ ಮೇಲೆ, ಅಲ್ಲಿ ಬಸ್ಸಿಗೆ ನಿಂತವರ ಮೈಮೇಲೆ. ಇಷ್ಟೆಲ್ಲ ಹಾದುಹೋಗುವವರ ಲೆಕ್ಕವಾಯಿತು. ಮುಖ್ಯರಸ್ತೆ ಬಿಟ್ಟು ಮಲ್ಲಸಂದ್ರದ ಕಡೆಗೋ ಬಾಗಲಗುಂಟೆ ಕಡೆಗೋ ತಿರುಗಿ ಯಾವುದಾದರೂ ಕ್ರಾಸಿಗೆ ಬಂದರೆ ಇಲ್ಲಿ ಇರುವವರ ಲೆಕ್ಕ ಶುರುವಾಗುತ್ತದೆ.

2007ರಲ್ಲಿ ಬಿಬಿಎಂಪಿಗೆ ಸೇರುವ ತನಕ ದಾಸರಹಳ್ಳಿ ನಗರಸಭೆಯಾಗಿತ್ತು. ಬಡಾವಣೆಗಳಲ್ಲಿ ಬಹಳಷ್ಟು ಹೊಲ ಒಡೆದು ಮಾಡಿದ ರೆವಿನ್ಯೂ ಸೈಟುಗಳು. ಇಂಥ ಕಡೆ ರಸ್ತೆ ಎಂದರೆ 20, 25, ಹೆಚ್ಚೆಂದರೆ 30 ಅಡಿ. ಮೂವತ್ತು ಅಡಿಯನ್ನೇ ಹಿಡಿಯೋಣ: 9.14 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಪ್ರಕಾರ ಪಾದಚಾರಿಗೆ ಅಡ್ಡಿಯಿಲ್ಲದ ಕನಿಷ್ಠ ಅಗಲ 1.8 ಮೀಟರ್. ಎರಡು ಬದಿಗೆ 3.6 ಕಳೆದರೆ ಉಳಿಯುವುದು 5.54. ಎದುರುಬದುರು ಎರಡು ಕಾರು ನಿಧಾನಕ್ಕೆ ದಾಟಲು 5.5 ಮೀಟರ್ ಸಾಕು. ಅಂದರೆ ನಮ್ಮ ಮೂವತ್ತಡಿ ರಸ್ತೆಯಲ್ಲಿ ಎಲ್ಲಕ್ಕೂ ಜಾಗವಿದೆ, ನಾಲ್ಕು ಸೆಂಟಿಮೀಟರ್ ಮಿಗುತ್ತದೆ! ಇಪ್ಪತ್ತಡಿಯಲ್ಲೂ (6.1 ಮೀಟರ್) ಒಂದು ಬದಿಗೆ ಫುಟ್‌ಪಾತ್ ಬಿಟ್ಟು ಒಂದು ಲೇನ್ ಓಡಿಸಬಹುದು. ಜಾಗ ಸಾಲದು ಎಂಬ ಮಾತು ಕಾಗದದ ಮೇಲೆ ನಿಲ್ಲುವುದಿಲ್ಲ.

ಹಾಗಾದರೆ ಜಾಗ ಹೋಗಿದ್ದೆಲ್ಲಿ? ಸ್ವಲ್ಪ ಕಾರು ತಿಂದಿದೆ. 30×40 ಸೈಟಿಗೆ ಪರಿಷ್ಕೃತ ಮಹಾಯೋಜನೆ-2015ರ ನಿಯಮದಲ್ಲಿ ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 1.75. ಅಂದರೆ ಕಟ್ಟಬಹುದಾದ್ದು 2,100 ಚದರಡಿ. ನಾಲ್ಕು ಮಹಡಿ ಏರಿಸಿ, ಮಹಡಿಗೆ ಎರಡು ಒನ್ ಬಿಎಚ್‌ಕೆ ಮಾಡಿದರೆ ಅದು ಹೆಚ್ಚುಕಡಿಮೆ 4,000 ಮುಟ್ಟುತ್ತದೆ. ಇಂಥ ಕಟ್ಟಡ ಇಲ್ಲಿ ಪ್ರತಿ ಕ್ರಾಸಿನಲ್ಲೂ ಕಾಣುತ್ತದೆ. ಮನೆ ಎಂಟು, ರಸ್ತೆಗೆ ಮುಖ 30 ಅಡಿ, ಗೇಟು ಬಿಟ್ಟರೆ ಅಲ್ಲಿ ನಿಲ್ಲುವುದು ಒಂದೇ ಕಾರು. ಉಳಿದವು ಎದುರು ಮನೆಯ ಮುಂದೆ ನಿಲ್ಲುತ್ತವೆ. ಜಗಳ ಅಲ್ಲಿಂದ ಶುರು.

ಆದರೆ ಕಾರು ಬೆಳಿಗ್ಗೆ ಹೊರಟುಹೋಗುತ್ತದೆ. ಹೋಗದೇ ಕೂತದ್ದು ರ್‍ಯಾಂಪು. ನನ್ನ ಮಟ್ಟಿಗೆ ಈ ಕಥೆಯ ಖಳನಾಯಕ ಅದೇ. ಗೇಟಿನಡಿಯಿಂದ ಇಳಿದು, ಚರಂಡಿಯ ಚಪ್ಪಡಿ ಮೇಲೆ ಹಾದು, ಡಾಂಬರಿನ ಅಂಚಿಗೆ ಮೂತಿ ಇಟ್ಟ ಸಿಮೆಂಟಿನ ಇಳಿಜಾರು. ಬೈಕಿನ ಚಕ್ರ ಜಾರದಂತೆ ಮೇಲೆ ಗೀರು. ಪಕ್ಕದಲ್ಲಿ ಎರಡು ಮೆಟ್ಟಿಲು, ಅದರಾಚೆ ತುಳಸಿ ಕುಂಡ, ನಂತರ ಪಕ್ಕದ ಮನೆಯ ರ್‍ಯಾಂಪು, ಅದರ ಎತ್ತರವೇ ಬೇರೆ. ಇದರ ಮೇಲೆ ಹತ್ತಿ ಇಳಿದು ನಡೆಯುವ ಬದಲು ಎಲ್ಲರೂ ರಸ್ತೆಗಿಳಿಯುತ್ತಾರೆ.

ಮನೆ ಮಾಲೀಕರನ್ನಷ್ಟೇ ಬೈದು ಪ್ರಯೋಜನವಿಲ್ಲ. ಹಳೇ ಡಾಂಬರು ಕೆರೆಯದೆ ಮೇಲೆ 40 ಮಿಲಿಮೀಟರಿನ ಪದರ ಹಾಕಿದರೆ ಐದು ಸಲಕ್ಕೆ ರಸ್ತೆ 200 ಮಿ.ಮೀ., ಅಂದರೆ ಎಂಟು ಇಂಚು ಏರುತ್ತದೆ. ಹಳೇ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಾಗಿ ಮಳೆನೀರು ಒಳಗೆ ಬರುತ್ತದೆ. ಅದನ್ನು ಕಂಡವರು ಹೊಸ ಮನೆಯ ಪಾಯವನ್ನು ಒಂದೂವರೆ, ಎರಡು ಅಡಿ ಎತ್ತುತ್ತಾರೆ. ಒಂದೂವರೆ ಅಡಿ ಇಳಿಯಲು, ತೀರ ಕಡಿದಾಗಿ ಮಾಡಿದರೂ, ಮೂರಡಿ ಉದ್ದ ಬೇಕು. ಎರಡೂ ಬದಿಯಿಂದ ಮೂರಡಿ ಬಂದರೆ ಮೂವತ್ತಡಿ ರಸ್ತೆ ಇಪ್ಪತ್ನಾಲ್ಕಾಯಿತು. ಪ್ರತಿ ಬದಿಯಲ್ಲೂ ಫುಟ್‌ಪಾತಿಗೆ ಬೇಕಿದ್ದ ಆರಡಿಯಲ್ಲಿ ಅರ್ಧ ಅಲ್ಲೇ ಮುಗಿಯಿತು, ಉಳಿದರ್ಧಕ್ಕೆ ಬೈಕು, ಟ್ರಾನ್ಸ್‌ಫಾರ್ಮರ್ ಕಂಬ, ತಳ್ಳುಗಾಡಿ.

ಇನ್ನು ಖರ್ಚು. ನೂರು ಮೀಟರ್ ಕ್ರಾಸಿನಲ್ಲಿ ಎರಡು ಬದಿಯ ಫುಟ್‌ಪಾತ್ 360 ಚದರ ಮೀಟರ್. ನಾಲ್ಕಿಂಚು ಕಾಂಕ್ರೀಟ್ ಬೆಡ್ಡಿಗೆ 36 ಘನ ಮೀಟರ್, 1:2:4ರ ಮಿಶ್ರಣಕ್ಕೆ ಸುಮಾರು 225 ಚೀಲ ಸಿಮೆಂಟ್. ಚೀಲಕ್ಕೆ 400 ರೂಪಾಯಿ ಹಿಡಿದರೆ 90 ಸಾವಿರ. ಜಲ್ಲಿ, ಎಂ-ಸ್ಯಾಂಡ್, ಕೂಲಿ, ಕರ್ಬ್ ಕಲ್ಲು, ಟೈಲ್ಸು, ಚರಂಡಿ ರಿಪೇರಿ, ಗುತ್ತಿಗೆದಾರರ ಲಾಭ ಎಲ್ಲ ಸೇರಿ ಅದು ಇಪ್ಪತ್ತು ಪಟ್ಟಾಗಲಿ ಎಂದು ಧಾರಾಳವಾಗಿ ಇಡೋಣ: 18 ಲಕ್ಷ. ಮೆಟ್ರೊ ಹಳಿಯ ಎರಡು ಮೀಟರಿಗೂ ಅಷ್ಟು ಸಾಲದು. ಆ ಕ್ರಾಸಿನಲ್ಲಿ ಎರಡು ಬದಿ ಸೇರಿ 22 ಸೈಟು, ಸೈಟಿಗೆ ಎಂಟು ಮನೆ, ಮನೆಗೆ ಮೂವರೆಂದರೂ 500 ಜನ ದಾಟುತ್ತಾರೆ. ತಲೆಗೆ ಬೀಳುವುದು ಒಂದು ಸಲಕ್ಕೆ 3,400 ರೂಪಾಯಿ ಚಿಲ್ಲರೆ. ಮೆಟ್ರೊ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಬೇಕೇ ಬೇಕು. ಅಷ್ಟು ಕೊಟ್ಟು ಕಟ್ಟಿದ ನಿಲ್ದಾಣಕ್ಕೆ ನಡೆದು ಬರುವ ದಾರಿ ಕಟ್ಟದಿರುವುದು ದಡ್ಡ ಲೆಕ್ಕ.

ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಹಕ್ಕು ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೋರ್ಟು ನಮ್ಮ ಕ್ರಾಸಿಗೆ ಬಂದು ರ್‍ಯಾಂಪು ಒಡೆಯುವುದಿಲ್ಲ. ನಿಮ್ಮ ರಸ್ತೆಗೆ ಮುಂದಿನ ಸಲ ಡಾಂಬರು ಬರುವ ಮೊದಲೇ ವಾರ್ಡ್ ಎಂಜಿನಿಯರ್ ಬಳಿ ಎಸ್ಟಿಮೇಟ್ ಕೇಳಿ ನೋಡಿ. ಅದರಲ್ಲಿ ‘ಮಿಲ್ಲಿಂಗ್’, ಅಂದರೆ ಹಳೇ ಪದರ ಕೆರೆದು ತೆಗೆಯುವ ಕೆಲಸ ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಹೊಸ ಮನೆ ಕಟ್ಟಿಸುವವರು ರ್‍ಯಾಂಪನ್ನು ಗೇಟಿನ ಒಳಗೇ ಮುಗಿಸಿ.