ಹೊಗೆಯ ಅಳತೆ

ಧಾರವಾಡ ತಾಲ್ಲೂಕಿನ ಗರಗ ಗ್ರಾಮವು ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾಗಿದೆ. ಧ್ವಜದ ಬಟ್ಟೆಯು ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು. ಎಳೆಗಳ ಎಣಿಕೆ, ತೂಕ, ಬಲ ಮುಂತಾದವು ಗೊತ್ತುಪಡಿಸಿದ ಮಾನಕಕ್ಕೆ ಒಪ್ಪಬೇಕು. ಕಾರ್ಖಾನೆಯ ಹೊಗೆಗೂ ಇದೇ ಮಾತು ಸಲ್ಲುತ್ತದೆ. ಕರಿಯ ಹೊಗೆಯನ್ನು ಕಂಡೊಡನೆ ಜನರು ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಹೊಗೆಯಲ್ಲಿರುವ ಕೆಲವು ಘೋರ ವಿಷಗಳು ಕಣ್ಣಿಗೂ ಮೂಗಿಗೂ ನಿಲುಕುವುದಿಲ್ಲ. ಅವುಗಳನ್ನು ಅಳತೆಯಿಂದ ಮಾತ್ರ ಅರಿಯಬಹುದು.

ಇಂತಹ ವಿಷಗಳಲ್ಲಿ ಡಯಾಕ್ಸಿನ್ ಮತ್ತು ಫ್ಯುರಾನ್‌ಗಳು ಮುಖ್ಯವಾದವು. ಕ್ಲೋರಿನ್ ಇರುವ ವಸ್ತುಗಳು ಅರೆಬರೆಯಾಗಿ ಉರಿದಾಗ ಇವು ಹುಟ್ಟುತ್ತವೆ. ಬಿಸಿ ಅನಿಲವು ಸುಮಾರು 450ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ನಿಧಾನವಾಗಿ ತಣಿಯುವಾಗಲೂ ಉಂಟಾಗುತ್ತವೆ. ಆಸ್ಪತ್ರೆಯ ತ್ಯಾಜ್ಯವನ್ನು ಸುಡುವ ಕುಲುಮೆ, ಲೋಹ ಕರಗಿಸುವ ಕುಲುಮೆ, ತ್ಯಾಜ್ಯವನ್ನು ಉರುವಲಾಗಿ ಬಳಸುವ ಸಿಮೆಂಟ್ ಗೂಡು ಇವು ಇಂತಹ ವಿಷ ಹುಟ್ಟಬಹುದಾದ ಸ್ಥಳಗಳು. ಗಾಳಿಯೊಡನೆ ಸಾಗಿದ ವಿಷವು ಹೊಲದ ಮೇವಿನ ಮೇಲೆ ಇಳಿಯುತ್ತದೆ. ಮೇವನ್ನು ತಿಂದ ಎಮ್ಮೆ, ಆಕಳುಗಳ ಕೊಬ್ಬಿನಲ್ಲಿ ಅದು ಸೇರಿ, ಹಾಲಿನ ಮೂಲಕ ಮನುಷ್ಯನನ್ನು ಮುಟ್ಟುತ್ತದೆ. ಬೇಗನೆ ಕರಗಿಹೋಗದೆ ವರ್ಷಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಕ್ಯಾನ್ಸರಿಗೂ ಗರ್ಭದಲ್ಲಿರುವ ಶಿಶುವಿನ ಬೆಳವಣಿಗೆಯ ದೋಷಗಳಿಗೂ ಅದು ಕಾರಣವಾಗಬಲ್ಲದು. ಈ ಬಗೆಯ ಮಾಲಿನ್ಯಕಾರಕಗಳನ್ನು ತಡೆಯಲು 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ರೂಪುಗೊಂಡಿತು. ಭಾರತವು 2006ರಲ್ಲಿ ಅದನ್ನು ಸ್ಥಿರೀಕರಿಸಿತು.

ಈ ವಿಷಗಳನ್ನು ಅಳೆಯುವುದು ಹೇಗೆ? ಚಿಮಣಿಯ ಗೋಡೆಯಲ್ಲಿ ಮಾಡಿದ ರಂಧ್ರದ ಮೂಲಕ ಒಂದು ಕೊಳವೆಯನ್ನು ಒಳಗಿಡುತ್ತಾರೆ. ಹಲವು ಗಂಟೆಗಳ ಕಾಲ ಅನಿಲವನ್ನು ಅದರಲ್ಲಿ ಹೀರಿಕೊಳ್ಳುತ್ತಾರೆ. ಚಿಮಣಿಯಲ್ಲಿ ಅನಿಲವು ಹರಿಯುವ ವೇಗ ಮತ್ತು ಕೊಳವೆಯು ಅದನ್ನು ಹೀರುವ ವೇಗ ಸಮನಾಗಿರಬೇಕು. ಹೀರುವ ವೇಗ ಕಡಿಮೆಯಾದರೆ ಭಾರವಾದ ಧೂಳಿನ ಕಣಗಳು ಹೆಚ್ಚಾಗಿ ಒಳಹೊಕ್ಕು ಫಲಿತಾಂಶ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಹೀರಿದ ಅನಿಲದ ಧೂಳನ್ನು ಸೋಸುಹಾಳೆಯು ಹಿಡಿಯುತ್ತದೆ. ಉಳಿದ ಆವಿಯನ್ನು ತಂಪುಗೊಳಿಸಿ, ವಿಶೇಷವಾದ ರಾಳದ ಕಣಗಳ ಮೂಲಕ ಹಾಯಿಸಿದಾಗ ವಿಷವು ಅಲ್ಲಿ ಅಂಟಿಕೊಳ್ಳುತ್ತದೆ.

ಈ ಮಾದರಿಯು ಪ್ರಯೋಗಶಾಲೆಗೆ ಸೇರುತ್ತದೆ. ನಮ್ಮ ದೇಶದಲ್ಲಿ ತಿರುವನಂತಪುರದ ರಾಷ್ಟ್ರೀಯ ಅಂತರಶಿಸ್ತೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಇಂತಹ ಪರೀಕ್ಷೆಯ ಸೌಲಭ್ಯವನ್ನು ಹೊಂದಿದೆ. ವಿಜ್ಞಾನಿಗಳು ಮಾದರಿಯಿಂದ ವಿಷವನ್ನು ದ್ರಾವಕದಲ್ಲಿ ಇಳಿಸಿ, ಶುದ್ಧಗೊಳಿಸಿ, ಸೂಕ್ಷ್ಮ ಯಂತ್ರಗಳಿಂದ ಬೇರ್ಪಡಿಸಿ ತೂಗುತ್ತಾರೆ. ಡಯಾಕ್ಸಿನ್ ಮತ್ತು ಫ್ಯುರಾನ್‌ಗಳಲ್ಲಿ ಒಟ್ಟು 210 ಬಗೆಗಳಿವೆ. ಅವುಗಳಲ್ಲಿ 17 ಮಾತ್ರ ವಿಶೇಷ ವಿಷಕಾರಿ. ಎಂಟಾಣೆ, ನಾಲ್ಕಾಣೆಗಳನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕ ಹಾಕುತ್ತಿದ್ದಂತೆ, ಪ್ರತಿಯೊಂದರ ವಿಷಶಕ್ತಿಯನ್ನು ಅತ್ಯಂತ ಉಗ್ರವಾದ ಬಗೆಗೆ ಹೋಲಿಸಿ ಕೂಡಿಸುತ್ತಾರೆ. ಹೀಗೆ ದೊರೆತ ಮೊತ್ತಕ್ಕೆ ವಿಷಸಮಾನ ಪ್ರಮಾಣವೆಂದು ಹೆಸರು.

ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಕುಲುಮೆಯ ಒಂದು ಘನಮೀಟರ್ ಅನಿಲದಲ್ಲಿ ಈ ಪ್ರಮಾಣವು 0.1 ನ್ಯಾನೋಗ್ರಾಮನ್ನು ಮೀರಬಾರದು. ನ್ಯಾನೋಗ್ರಾಮೆಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಹಾಲಿಗೆ ನೀರು ಬೆರೆಸಿದಂತೆ ಹೊಗೆಗೆ ಗಾಳಿ ಬೆರೆಸಿ ಅಳತೆಯನ್ನು ಇಳಿಸಲು ಸಾಧ್ಯ. ಆದುದರಿಂದ ಫಲಿತಾಂಶವನ್ನು ಶೇಕಡಾ 11 ಆಮ್ಲಜನಕದ ಮಟ್ಟಕ್ಕೆ ಸರಿಪಡಿಸಿಯೇ ಹೇಳಬೇಕು. ಹೊಗೆಯಲ್ಲಿ ಶೇಕಡಾ 16 ಆಮ್ಲಜನಕವಿದ್ದು, ಅಳತೆಯು 0.06 ಎಂದು ಬಂದಿತೆನ್ನೋಣ. ಗಾಳಿಯ ಆಮ್ಲಜನಕವನ್ನು ಶೇಕಡಾ 21 ಎಂದು ಹಿಡಿದು, 21ರಿಂದ 11ನ್ನು ಕಳೆದರೆ 10. 21ರಿಂದ 16ನ್ನು ಕಳೆದರೆ 5. ಆ 10ನ್ನು 5ರಿಂದ ಭಾಗಿಸಿದರೆ 2. ಅಳತೆಯನ್ನು ಇದರಿಂದ ಗುಣಿಸಿದಾಗ 0.12 ಆಗುತ್ತದೆ. ಮಿತಿಯೊಳಗೆ ಇದ್ದಂತೆ ಕಂಡ ಹೊಗೆಯು ನಿಜವಾಗಿ ಮಿತಿಯನ್ನು ಮೀರಿದೆ!

ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬೇಕೆಂದು ನಿಯಮವಿದೆ. ಆದರೆ ಅದು ಪರೀಕ್ಷೆ ನಡೆದ ಕೆಲವು ಗಂಟೆಗಳಿಗೆ ಮಾತ್ರ ಸಾಕ್ಷಿ. ಉಳಿದ ದಿನಗಳಿಗೆ ಸಾಕ್ಷಿಯಾಗಬೇಕಾದುದು ಕುಲುಮೆಯ ನಿತ್ಯದ ಶಿಸ್ತು. ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಶಾಖವಿರಬೇಕು. ಅನಿಲವು ಅಲ್ಲಿ ಎರಡು ಸೆಕೆಂಡುಗಳಾದರೂ ನಿಲ್ಲಬೇಕು. ಕ್ಲೋರಿನ್ ಇರುವ ಪ್ಲಾಸ್ಟಿಕ್ಕನ್ನು ಅದರಲ್ಲಿ ಹಾಕಬಾರದು.

ಕಾರ್ಖಾನೆಗೆ ಚಿಮಣಿಯಿದೆ, ಅದರಲ್ಲಿ ಕೊಳವೆಯನ್ನು ಇಡಬಹುದು. ಬಯಲಿನಲ್ಲಿ ಪ್ಲಾಸ್ಟಿಕ್ ಕಸವನ್ನು ಸುಡುವ ಬೆಂಕಿಗೆ ಚಿಮಣಿಯಿಲ್ಲ. ಅದರ ಹೊಗೆಯನ್ನು ಹೀಗೆ ಅಳೆಯುವವರೂ ಇಲ್ಲ. ಅಲ್ಲಿ ಶಾಖ ಕಡಿಮೆಯಿರುವುದರಿಂದ ಇದೇ ವಿಷ ಹುಟ್ಟಿ, ಹತ್ತಿರದ ಹೊಲಕ್ಕೇ ಇಳಿಯುತ್ತದೆ. ಗರಗದ ನೇಕಾರನು ಒಂದೊಂದು ಎಳೆಗೂ ಲೆಕ್ಕ ಕೊಡುತ್ತಾನೆ. ನಾವು ಸುಡುವ ಕಸಕ್ಕೂ ಯಾರಾದರೂ ಲೆಕ್ಕ ಕೊಡಬೇಕಲ್ಲವೇ? ಅಳೆಯಲಾಗದ ಹೊಗೆಯನ್ನು ಎಬ್ಬಿಸದಿರುವುದೇ ಅದಕ್ಕೆ ಸರಿಯಾದ ಲೆಕ್ಕ.