ಹಿತ್ತಲಲ್ಲಿ ಪುಟ್ಟ ಝರಿ, ನಾಲ್ಕು ಮೀನು

ಹಿತ್ತಲ ಬಾಗಿಲು ತೆಗೆದರೆ ಸಣ್ಣಗೆ ನೀರು ಬೀಳುವ ಸದ್ದು, ನೈದಿಲೆ ಎಲೆಯ ಕೆಳಗೆ ಮಿಂಚಿ ಮಾಯವಾಗುವ ಮೀನು! ಇಂಥ ಆಸೆ ಯಾರಿಗಿಲ್ಲ ಹೇಳಿ? ಆದರೆ ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಸಂಸಾರ ಮಾಡುವವರು ಈ ಆಸೆಯನ್ನು ಬಾಯಿಬಿಟ್ಟು ಹೇಳಿದರೆ ಮೊದಲು ಬರುವ ಮಾತು ಅತ್ತೆಯವರದು: “ಕುಡೀಲಾಕ ನೀರಿಲ್ಲ, ನಿನಗ ಝರಿ ಬೇಕಾಗ್ಯಾದೇನು?”

ಆ ಮಾತನ್ನು ತಳ್ಳಿಹಾಕಬೇಡಿ. 2016ರ ಏಪ್ರಿಲಿನಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತಂದದ್ದನ್ನು ನಾವ್ಯಾರೂ ಮರೆತಿಲ್ಲ. ಹಾಗೆಂದು ಈ ಸೀಮೆಗೆ ನೀರಿನ ಸೊಗಸು ಗೊತ್ತಿಲ್ಲವೆಂದಲ್ಲ. ಕಲ್ಯಾಣದಲ್ಲಿ ತ್ರಿಪುರಾಂತಕ ಕೆರೆ ಇದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಮಾಡಿದವರು ನಿಮ್ಮಲ್ಲೇ ಎಷ್ಟೋ ಮಂದಿ ಇರಬೇಕು. ಬಹಮನಿ ಅರಸರ ಕಾಲದ ಕರೇಜ್ ಅಂತೂ ಯಾವ ಯಂತ್ರವೂ ಇಲ್ಲದೆ, ನೆಲದೊಳಗಿನ ಸುರಂಗದಲ್ಲಿ, ಬರೀ ಇಳಿಜಾರಿನ ಬಲದಿಂದ ಬೀದರಿಗೆ ನೀರು ಹರಿಸಿತು. ಅಳತೆ ತಪ್ಪಿದ್ದರೆ ಆ ನೀರು ಹರಿಯುತ್ತಲೇ ಇರಲಿಲ್ಲ. ನಾವೂ ಗುದ್ದಲಿ ಹಿಡಿಯುವ ಮುಂಚೆ ಅಳತೆ, ಲೆಕ್ಕ ಮಾಡೋಣ.

6 ಅಡಿ ಉದ್ದ, 4 ಅಡಿ ಅಗಲ, ಎರಡೂವರೆ ಅಡಿ ಆಳದ ಹೊಂಡವೆನ್ನಿ. ಇದಕ್ಕೆ ಸುಮಾರು 1,700 ಲೀಟರ್ ನೀರು ಬೇಕು, ಅಂದರೆ 15 ಲೀಟರಿನ ಕೊಡದಲ್ಲಿ 113 ಕೊಡ. ಗಾಬರಿಯಾಗಬೇಡಿ, ಇದನ್ನು ನಲ್ಲಿಯಿಂದ ತುಂಬಿಸುವುದು ಬೇಕಿಲ್ಲ. 10 ಅಡಿಗೆ 10 ಅಡಿ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 230 ಲೀಟರ್ ನೀರಾಗುತ್ತದೆ. ಅಂಥ ಏಳೆಂಟು ಮಳೆಗೆ ಕೊಳ ತುಂಬಿತು. ಆದ್ದರಿಂದ ಮೇ ತಿಂಗಳಲ್ಲಿ ಅಗೆದು, ಮಾಳಿಗೆಯ ದೋಣಿಗೆ ಪೈಪು ಜೋಡಿಸಿಟ್ಟುಕೊಳ್ಳಿ. ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಟ್ಟುಬಿಡಿ.

ತುಂಬಿಸುವುದಕ್ಕಿಂತ ಬೇಸಿಗೆಯಲ್ಲಿ ಆರುವ ನೀರಿನದೇ ಚಿಂತೆ. ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಆರಿದರೂ ಈ ಅಳತೆಯ ಕೊಳದಿಂದ 18 ಲೀಟರ್ ಹೋಯಿತು, ಒಂದು ಕೊಡಕ್ಕಿಂತ ಹೆಚ್ಚು. ಇದಕ್ಕೆ ಅತ್ತೆಯವರೂ ಒಪ್ಪುವ ಉಪಾಯವೊಂದಿದೆ. ಮಲ್ಲಿಗೆ, ಕರಿಬೇವಿಗೆ ಹೇಗೂ ನೀರು ಹಾಕುತ್ತೀರಲ್ಲ? ಆ ನೀರನ್ನು ಮೊದಲು ಕೊಳಕ್ಕೆ ಹಾಕಿ, ಕೊಳದ ಹಳೇ ನೀರನ್ನು ಎತ್ತಿ ಗಿಡಕ್ಕೆ ಹಾಕಿ. ಮೀನಿನ ಹೊಲಸು ಗಿಡಕ್ಕೆ ಒಳ್ಳೆ ಗೊಬ್ಬರ. ಆರಿಹೋಗುವ ಒಂದು ಕೊಡವನ್ನಷ್ಟೇ ಮೇಲಿನಿಂದ ತುಂಬಿಸಬೇಕು. ಕೊಳ ಬೇವಿನ ನೆರಳಿನಂಚಿಗಿದ್ದು, ಅರ್ಧ ಭಾಗ ನೈದಿಲೆ ಎಲೆ ಹರಡಿದ್ದರೆ ಅದೂ ತಗ್ಗುತ್ತದೆ. ಮರದ ಬುಡದಲ್ಲೇ ಬೇಡ, ಎಲೆ ಬಿದ್ದು ನೀರು ಕೊಳೆಯುತ್ತದೆ.

ಈಗ ಕಟ್ಟುವ ಮಾತು. ಎರೆಮಣ್ಣಿನ ಹಿತ್ತಲಲ್ಲಿ ಸಿಮೆಂಟಿನ ಹೊಂಡ ಕಟ್ಟಿಸಿ ಕೈಸುಟ್ಟುಕೊಂಡವಳು ನಾನು. ದೀಪಾವಳಿಗೆ ತುಂಬಿದ್ದ ನೀರು ಯುಗಾದಿ ಹೊತ್ತಿಗೆ ರಾತ್ರೋರಾತ್ರಿ ಮಾಯ, ಗೋಡೆಯಲ್ಲಿ ಬೆರಳು ತೂರುವಷ್ಟು ಸೀಳು! ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ತೆಳು ಸಿಮೆಂಟು ಅದರ ಜೊತೆ ಹೆಣಗಲಾರದು. ಕೆಂಪು ನೆಲದವರಿಗೆ ಈ ಕಾಟ ಕಡಿಮೆ. ಎರೆಮಣ್ಣಿನವರು ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೇ ತನ್ನಿ. ನಮ್ಮ ಅಳತೆಗೆ 13 ಅಡಿಗೆ 11 ಅಡಿಯ ಹಾಳೆ ಸಾಕು, ಸುತ್ತ ಒಂದೊಂದು ಅಡಿ ಅಂಚು ಸಿಗುತ್ತದೆ. ಕೆಳಗೆ ಹರಳು ಆರಿಸಿ ತೆಗೆದು, ಎರಡು ಇಂಚು ಮರಳು ಹರಡಿ, ಅದರ ಮೇಲೆ ತೊಳೆದ ಖಾಲಿ ಪ್ಲಾಸ್ಟಿಕ್ ಗೊಬ್ಬರದ ಚೀಲ ಹಾಸಿ. ಹಳೇ ಕೌದಿ ಹಾಸೋಣವೆನ್ನಬೇಡಿ, ಗೆದ್ದಲು ಬಿಡುವುದಿಲ್ಲ. ಅಂಚು ನೆಲಕ್ಕಿಂತ ನಾಲ್ಕು ಇಂಚು ಎತ್ತರವಿರಲಿ, ಪಾತ್ರೆ ತೊಳೆದ ಸಾಬೂನು ನೀರು ಒಳಗೆ ಹರಿದರೆ ಮೀನು ಉಳಿಯುವುದಿಲ್ಲ.

ಅಗೆದ ಮಣ್ಣನ್ನು ಒಂದು ಬದಿಗೆ ಗುಡ್ಡೆ ಹಾಕಿ, ದಮ್ಮಸು ಮಾಡಿ, ಶಹಾಬಾದ್ ಪರಸಿ ತುಂಡುಗಳಿಂದ ಮೂರು ಮೆಟ್ಟಿಲು ಜೋಡಿಸಿದರೆ ಅದೇ ಝರಿ. ಎತ್ತರ ಒಂದೂವರೆ ಅಡಿ ಸಾಕು, ಹೆಚ್ಚಾದರೆ ನೀರು ಹೊರಗೆ ಸಿಡಿಯುತ್ತದೆ. ಪರಸಿಯ ಕೆಳಗೂ ಪ್ಲಾಸ್ಟಿಕ್ ಹಾಳೆ ಇರಬೇಕು. ಕಲ್ಲು ತುಸು ಮುಂದಕ್ಕೆ ಬಾಗಿ, ಕೆಳಗಿನದಕ್ಕಿಂತ ಎರಡು ಇಂಚು ಚಾಚಿರಬೇಕು, ಇಲ್ಲವಾದರೆ ನೀರು ಕಲ್ಲಿನ ಅಡಿಯಿಂದಲೇ ಹಿಂದಕ್ಕೆ ಸರಿದು ಮಣ್ಣಿಗಿಳಿಯುತ್ತದೆ. ನೀರೆತ್ತಲು ದೊಡ್ಡ ಯಂತ್ರ ಬೇಡ. ಕೂಲರಿಗೆ ಹಾಕುವ 18 ವ್ಯಾಟಿನ ಸಣ್ಣ ಪಂಪು, ಪೂರ್ತಿ ಮುಳುಗಿ ನಡೆಯುವಂಥದ್ದು ಸಾಕು. ಇಡೀ ದಿನ ಓಡಿದರೂ ಅರ್ಧ ಯೂನಿಟ್ ಆಗುವುದಿಲ್ಲ. ವೈರಿನ ಗಂಟು ನೀರಿಗೆ ತಾಗಬಾರದು, ಇ.ಎಲ್.ಸಿ.ಬಿ. ಇರಲೇಬೇಕು, ಸ್ವಿಚ್ ಆರಿಸದೆ ಕೈ ಹಾಕಬಾರದು.

ಝರಿ ಬರೀ ಚೆಂದಕ್ಕಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಮಿನಷ್ಟು ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ. ಗಿಡಗಳೂ ರಾತ್ರಿ ಅದನ್ನೇ ಉಸಿರಾಡುತ್ತವೆ. ಹಾಗಾಗಿ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಹಸಿವಿಗಲ್ಲ, ಉಸಿರಿಗೆ. ಪಂಪು ಹಗಲು ನಿಂತರೂ ಸರಿ, ರಾತ್ರಿ ಓಡಲಿ. ಕರೆಂಟು ಹೋದರೆ ಚೊಂಬಿನಲ್ಲಿ ಕೊಳದ ನೀರನ್ನೇ ಎತ್ತಿ ಎತ್ತರದಿಂದ ಐವತ್ತು ಸಲ ಹೊಯ್ಯಿರಿ.

ಮೀನು ಯಾವುದು? ಗಪ್ಪಿಗಿಂತ ಗಟ್ಟಿ ಜೀವ ಬೇರಿಲ್ಲ. ಬೋರ್‌ವೆಲ್ಲಿನ ಗಡಸು ನೀರೂ ಅದಕ್ಕೆ ಒಗ್ಗುತ್ತದೆ, ಸೊಳ್ಳೆಮರಿಯೇ ಅದಕ್ಕೆ ಹಬ್ಬದೂಟ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ಮಲೇರಿಯಾ ತಡೆಯಲು ಬಾವಿಗಳಿಗೆ ಬಿಟ್ಟದ್ದು ಇದೇ ಮೀನನ್ನು. ಏಳೆಂಟು ಜೋಡಿ ತಂದರೆ ಸಾಕು, ತಿಂಗಳಿಗೊಮ್ಮೆ ಮರಿ ಹಾಕುತ್ತವೆ. ಗೋಲ್ಡ್ ಫಿಶ್ ಬೇಕೇ ಬೇಕೆಂದರೆ ಐದಾರು ಮಾತ್ರ, ಅವು ಗಪ್ಪಿಯ ಮರಿಗಳನ್ನು ನುಂಗುತ್ತವೆಂಬುದೂ ನೆನಪಿರಲಿ. ಅಂಗಡಿಯ ಚೀಲವನ್ನು ಇಪ್ಪತ್ತು ನಿಮಿಷ ಕೊಳದಲ್ಲಿ ತೇಲಿಬಿಟ್ಟು ಆಮೇಲೆ ಮೀನು ಬಿಡಿ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಇಟ್ಟೇ ಹಾಕಿ, ಕ್ಲೋರಿನ್ ಹಾರಿಹೋಗಲಿ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಮಕ್ಕಳು ಪ್ರೀತಿಯಿಂದ ಎಸೆಯುವ ಚುರುಮುರಿ, ರೊಟ್ಟಿ ಚೂರುಗಳೇ ನೀರನ್ನು ಕೆಡಿಸುವುದು. ಗಣಪತಿಯನ್ನು ಇಲ್ಲೇ ಮುಳುಗಿಸೋಣವೆಂದೂ ಹಟ ಹಿಡಿಯುತ್ತಾರೆ! ಅದಕ್ಕೆ ಬೇರೆ ಬಕೆಟ್ ಇಡಿ. ಮೀನು ಹೆಚ್ಚಾದರೆ ನೆರೆಹೊರೆಯವರಿಗೆ ಕೊಡಿ, ಕೆರೆಗೆ ಬಿಡಬೇಡಿ. ಪರದೇಶದ ಮೀನು, ನಮ್ಮ ಕೆರೆಯ ಸಣ್ಣ ಮೀನುಗಳ ಪಾಲಿಗೆ ಒಳ್ಳೆಯದಲ್ಲ.

ಒಂದು ಮಾತನ್ನು ಮಾತ್ರ ಕಟುವಾಗಿಯೇ ಹೇಳುತ್ತೇನೆ. ಅಂಬೆಗಾಲಿಡುವ, ಆಗತಾನೇ ನಡೆಯುವ ಮಗು ಇರುವ ಮನೆಯಲ್ಲಿ ಈಗಲೇ ಕೊಳ ಬೇಡ. ಗೇಣುದ್ದ ನೀರಿನಲ್ಲೂ ಮಗು ಮುಳುಗುತ್ತದೆ, ಸದ್ದೂ ಆಗುವುದಿಲ್ಲ, ನೀವು ಒಲೆಯ ಮುಂದಿದ್ದರೆ ಗೊತ್ತೇ ಆಗುವುದಿಲ್ಲ. ಎರಡು ಮೂರು ವರ್ಷ ತಡೆದರೆ ಏನೂ ಹಾಳಾಗದು. ಬಂದುಹೋಗುವ ಮಕ್ಕಳಿದ್ದರೂ ಸರಿ, ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿ ಕಬ್ಬಿಣದ ಜಾಲರಿ ಮಾಡಿಸಿ ಬಾಯಿಗೆ ಕೂರಿಸಿ. ಬೆಕ್ಕು, ಮಿಂಚುಳ್ಳಿಗಳ ಕಾಟವೂ ತಪ್ಪುತ್ತದೆ.

ಇನ್ನು ಮಳೆ ಕೈಕೊಟ್ಟ ವರ್ಷ. ಮಾರ್ಚಿನಲ್ಲೇ ಬೋರ್‌ವೆಲ್ ಕೆಮ್ಮತೊಡಗಿದರೆ ಹಟ ಮಾಡಬೇಡಿ. ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಕೊಳದ ನೀರನ್ನೇ ತುಂಬಿ, ಹತ್ತಿಪ್ಪತ್ತು ಗಪ್ಪಿಗಳನ್ನು ಅದರಲ್ಲಿ ಬಿಟ್ಟು, ನೆರಳಿಗೆ ಸರಿಸಿ ಮೇಲೆ ಜಾಲರಿ ಮುಚ್ಚಿ. ನೈದಿಲೆ ಗಡ್ಡೆಯನ್ನು ಒದ್ದೆ ಕೆಸರಿನ ಕುಂಡದಲ್ಲಿಡಿ. ಉಳಿದ ನೀರನ್ನೆಲ್ಲ ದಿನಕ್ಕೆರಡು ಕೊಡದಂತೆ ಕರಿಬೇವು, ಮಲ್ಲಿಗೆಗೆ ಹಾಕಿ, ಬೇಸಿಗೆಯ ತಿಂಗಳೊಪ್ಪತ್ತು ಗಿಡಗಳು ಬದುಕುತ್ತವೆ. ಬರಿದಾದ ಹೊಂಡದ ಹಾಳೆಗೆ ಬಿಸಿಲು ತಾಗದಂತೆ ತೊಗರಿ ಕಟ್ಟಿಗೆ, ಗೋಣಿ ಮುಚ್ಚಿಡಿ. ಮೃಗಶಿರ ಮಳೆ ಬಂದಾಗ ಮಾಳಿಗೆಯ ಪೈಪನ್ನು ಮತ್ತೆ ಅದರತ್ತ ತಿರುಗಿಸಿದರಾಯಿತು.