ಆಪರೇಷನ್ ಮುಗೀತು, ನೋವು ಯಾಕೆ ಉಳೀತು?

ಇವತ್ತಿನ ವಿಷಯ ಮಾತಾಡೋಕೆ ನನಗೂ ಮುಜುಗರವೇ. ಆದ್ರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನ ಕೇಳೋಕೆ ಪಕ್ಕದಲ್ಲಿ ಅಕ್ಕನೂ ಇರಲ್ಲ, ಅತ್ತಿಗೆಯೂ ಇರಲ್ಲ. ಅದಕ್ಕೇ ಹೇಳ್ತಿದೀನಿ.

ನಾನು ನಾಗಪುರದ ಮಿಹಾನ್‌ನಲ್ಲಿ ಕೆಲಸ ಮಾಡ್ತೀನಿ. ಅಡೆನೋಮಯೋಸಿಸ್‌ನಿಂದ ವಿಪರೀತ ರಕ್ತಸ್ರಾವ ಆಗಿ, 38ನೇ ವಯಸ್ಸಿಗೆ ಗರ್ಭಕೋಶ ತೆಗೆಸಬೇಕಾಯ್ತು. ಡಿಸ್ಚಾರ್ಜ್ ದಿನ ಹೇಳಿದ್ದು ಒಂದೇ ಮಾತು: "ಆರು ವಾರ ಬಿಟ್ರೆ ಎಲ್ಲ ನಾರ್ಮಲ್." ಎಂಟನೇ ವಾರ ಗಂಡ ಹೆಂಡತಿ ಸೇರೋಕೆ ಹೋದ್ರೆ ಬ್ಲೇಡಲ್ಲಿ ಕೊಯ್ದಂಥ ನೋವು. ಆಮೇಲೆ ಐದು ತಿಂಗಳು ಇಬ್ಬರೂ ಆ ಮಾತೇ ಎತ್ತಲಿಲ್ಲ. ರಾತ್ರಿ ಕಾಲ್ ಇದೆ ಅಂತ ನಮ್ಮನೆಯವರು ಹಾಲ್‌ನಲ್ಲೇ ಮಲಗೋಕೆ ಶುರು ಮಾಡಿದ್ರು. ನಾನು ಇವರಿಗೆ ಬೇಡವಾದೆ ಅಂದ್ಕೊಂಡೆ. ಅವರಿಗಿದ್ದದ್ದು, ಮತ್ತೆ ನೋವು ಮಾಡಿಬಿಡ್ತೀನೇನೋ ಅನ್ನೋ ಭಯ.

ಕೊನೆಗೆ ಇನ್ನೊಬ್ಬ ಡಾಕ್ಟರ್ ಹತ್ರ ಹೋದೆ. ಸಂಬಳ, ಬಾಡಿಗೆ ಎಲ್ಲ ಹಿಂದಿಯಲ್ಲಿ ಮಾತಾಡೋ ನನಗೆ ಇದನ್ನ ಹೇಳೋಕೆ ಹಿಂದಿಯಲ್ಲಿ ಪದವೇ ಇರಲಿಲ್ಲ. ಚೀಟಿಯಲ್ಲಿ ಬರ್ಕೊಂಡು ಹೋಗಿ ಕೈಗೆ ಕೊಟ್ಟೆ. ಅವರು ಓದಿ, "ಇದಕ್ಕೆ ಕಾರಣ ಇರತ್ತೆ, ಹುಡುಕೋಣ" ಅಂದ್ರು. ಅರ್ಧ ಭಾರ ಅಲ್ಲೇ ಇಳೀತು.

ಕಾರಣಗಳು ಬೇರೆ ಬೇರೆ. ಒಂದು, ಗಾಯ. ಗರ್ಭಕೋಶದ ಜೊತೆ ಅದರ ಬಾಯಿಯನ್ನೂ ತೆಗೆದಾಗ ಯೋನಿಯ ಮೇಲ್ತುದಿಯಲ್ಲಿ ಹೊಲಿಗೆ ಹಾಕಿರ್ತಾರೆ. ಅದು ಪೂರ್ತಿ ಮಾಯೋಕೆ ಕೆಲವರಿಗೆ 12 ವಾರವೂ ಬೇಕು. ಹಾಗಾಗಿ ಕ್ಯಾಲೆಂಡರ್ ನಂಬಬೇಡಿ, ಪರೀಕ್ಷೆ ಮಾಡಿಸಿ. ಎರಡು, ಒಣಗುವಿಕೆ. ಅಂಡಾಶಯವನ್ನೂ ತೆಗೆದಿದ್ರೆ ಈಸ್ಟ್ರೋಜನ್ ದಿಢೀರ್ ಇಳಿದು ಒಳಚರ್ಮ ತೆಳುವಾಗತ್ತೆ. ಮೂರು, ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದ್ರೆ ಯೋನಿ ಬಿಗಿದು ಕಿರಿದಾಗಬಹುದು. ಅದಕ್ಕೆ ಡೈಲೇಟರ್ ಅನ್ನೋ ನಯವಾದ ಕೊಳವೆಯಂಥ ಸಾಧನವನ್ನ ಹೇಗೆ ಬಳಸಬೇಕು ಅಂತ ಆಸ್ಪತ್ರೆಯಲ್ಲೇ ಕಲಿಸ್ತಾರೆ.

ನಾಲ್ಕನೇದು ನನ್ನದು. ಗಾಯ ಮಾಯ್ದಿತ್ತು, ಅಂಡಾಶಯ ಉಳಿದಿತ್ತು. ಆದ್ರೆ ಕೆಳಹೊಟ್ಟೆಯ ತಳದ ಸ್ನಾಯುಗಳು ನೋವಿನ ನೆನಪಿಗೇ ಬಿಗಿಯಾಗ್ತಿದ್ವು. ಬಿಗಿಯಾದ್ರೆ ನೋವು, ನೋವಾದ್ರೆ ಇನ್ನಷ್ಟು ಬಿಗಿ. ಬಗ್ ಸರಿಹೋದ್ರೂ ಅಲಾರಂ ಹೊಡೀತಾನೇ ಇದ್ದ ಹಾಗೆ. ನಾನು ಯೂಟ್ಯೂಬ್ ನೋಡಿ ಕೀಗಲ್ ವ್ಯಾಯಾಮ ಮಾಡ್ತಿದ್ದೆ, ಅದೇ ತಪ್ಪಾಗಿತ್ತು. ಮೊದಲೇ ಬಿಗಿದ ಸ್ನಾಯುವನ್ನ ಇನ್ನೂ ಬಿಗಿ ಮಾಡಿದ್ರೆ ನೋವು ಹೆಚ್ಚಬಹುದು. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಸ್ಟ್ ನನಗೆ ಕಲಿಸಿದ್ದು ಸಡಿಲ ಬಿಡೋದನ್ನ: ಹೊಟ್ಟೆ ಉಬ್ಬೋ ಹಾಗೆ ನಿಧಾನ ಉಸಿರು, ದಿನಾ ಹತ್ತು ನಿಮಿಷ.

ಮನೆಯಲ್ಲಿ ಏನು ಮಾಡಬಹುದು? ನೀರಿನ ಆಧಾರದ ಲೂಬ್ರಿಕೆಂಟ್ ಬಳಸಿ. ಕೊಬ್ಬರಿ ಎಣ್ಣೆ ಕಾಂಡೋಮನ್ನ ಹಾಳು ಮಾಡತ್ತೆ. ಈಸ್ಟ್ರೋಜನ್ ಕ್ರೀಮ್ ಡಾಕ್ಟರ್ ಬರೆದುಕೊಟ್ರೆ ಮಾತ್ರ. ಸ್ತನ ಕ್ಯಾನ್ಸರ್ ಆಗಿದ್ರೆ ಅದನ್ನ ಮೊದಲೇ ಹೇಳಿ. ಜ್ವರ, ದುರ್ವಾಸನೆಯ ಸ್ರಾವ, ರಕ್ತ, ಇದ್ದಕ್ಕಿದ್ದ ಹಾಗೆ ಕೆಳಹೊಟ್ಟೆ ನೋವು ಬಂದ್ರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹಲ್ಲು ಕಚ್ಚಿ ಸಹಿಸಬೇಡಿ. ಸಹಿಸಿದಷ್ಟೂ ಮೈ ಬಿಗಿಯೋದನ್ನೇ ಕಲಿಯತ್ತೆ.

ನಾವಿಬ್ಬರೂ ಒಂದು ಒಪ್ಪಂದ ಮಾಡ್ಕೊಂಡ್ವಿ. ಡಾಕ್ಟರ್ ಹೇಳೋವರೆಗೂ ಸೇರೋ ಪ್ರಯತ್ನವೇ ಬೇಡ, ಆದ್ರೆ ಒಂದೇ ಹಾಸಿಗೆ, ಕೈ ಹಿಡ್ಕೊಂಡು ಮಲಗೋದು. "ಸಾಕು" ಅಂದ್ರೆ ಅಲ್ಲಿಗೇ ನಿಲ್ಲಬೇಕು, ಮುಖ ಸಣ್ಣ ಮಾಡಬಾರದು. ನಾಲ್ಕು ತಿಂಗಳಾದ್ಮೇಲೆ ನೋವು ಬಹಳ ಕಮ್ಮಿ ಆಯ್ತು. ಇವತ್ತಿಗೂ ಕೆಲವು ದಿನ ಆಗಲ್ಲ. ಆಗ ಹೇಳ್ತೀನಿ, ಅವರು ಸರಿ ಅಂತಾರೆ.

ಹೇಳೋಕೆ ಬಾಯಿ ಬರದಿದ್ರೆ ಚೀಟಿಯಲ್ಲಿ ಇಷ್ಟು ಬರೀರಿ: ಯಾವ ಆಪರೇಷನ್, ಯಾವಾಗ, ಸೇರುವಾಗ ನೋವು ಎಲ್ಲಿ, ಬಾಯಲ್ಲೋ ಒಳಗೋ, ಎಷ್ಟು ಹೊತ್ತು. ಕನ್ನಡದಲ್ಲಿ ಬರೆದು ಫೋನಲ್ಲಿ ಅನುವಾದಿಸಿದ್ರೂ ಸಾಕು. ಗಂಡಂದಿರಿಗೆ ಒಂದು ಮಾತು: ಹಾಲ್‌ಗೆ ಹೋಗಿ ಮಲಗೋ ಮೊದಲು ಒಂದ್ಸಲ ಕೇಳಿ, "ನೋವಾಗ್ತಿದೆಯಾ?"